ನಾದಿನಿ ಪಾಸಾದ ಮಳೆಗಾಲ

ಹೋದ ವಾರ ನಮ್ಮನೆಯವರ ತಪಾಸಣೆಗೆ ಮತ್ತೆ ಅದೇ ಆಸ್ಪತ್ರೆಗೆ ಹೋಗಿದ್ದೆವು. ಲಿಫ್ಟಿನ ಬಾಗಿಲು ತೆರೆದ ಕೂಡಲೇ ಸಾಂಬಾರಿನ ವಾಸನೆ ಮೂಗಿಗೆ ಬಡಿಯಿತು. ಆ ಆಸ್ಪತ್ರೆಯ ಕ್ಯಾಂಟೀನು ಇರುವುದು ನೆಲಮಾಳಿಗೆಯಲ್ಲಿ. ಅಲ್ಲಿ ಕುದಿಯುವ ಸಾಂಬಾರು ಲಿಫ್ಟಿನ ಗೂಡಿನೊಳಗೆ ಹತ್ತಿಕೊಂಡು ಎಲ್ಲ ಮಹಡಿಗೂ ಹೋಗುತ್ತದೆ. ಹೃದಯ ವಿಭಾಗದಲ್ಲೂ ಅದೇ ವಾಸನೆ, ಹೆರಿಗೆ ವಿಭಾಗದಲ್ಲೂ ಅದೇ ವಾಸನೆ. ಬೇರೆಯವರಿಗೆ ಅದರಿಂದ ಹಸಿವಾಗುತ್ತದೇನೋ, ನನಗೆ ಹೊಟ್ಟೆ ಉರಿಯುತ್ತದೆ. ಆ ಒಂದು ಮಳೆಗಾಲ ಪೂರ್ತಿ ಆ ವಾಸನೆಯ ನಡುವೆಯೇ ನನ್ನ ನಾದಿನಿ ಸವಿತ ಒಂದೊಂದೇ ವಿಭಾಗದ ಬಾಗಿಲು ದಾಟುತ್ತ ಹೋದಳು. ನಾನು ಹೊರಗೆ ಬೆಂಚಿನ ಮೇಲೆ ಅವಳ ಚಪ್ಪಲಿ, ಬಳೆ, ವ್ಯಾನಿಟಿ ಬ್ಯಾಗು ಕಾಯುತ್ತ ಕೂತಿದ್ದೆ.

ನಾನು ಎಂಥವಳು ಅಂತ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾಗುವುದಿಲ್ಲ. ನಾನು ಚನ್ನಪಟ್ಟಣದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ. ಹೆಸರು ಭಾಗ್ಯ. ಓದುವ ಕಾಲದಲ್ಲಿ ಎಂಟುನೂರು ಮೀಟರ್ ಓಟದಲ್ಲಿ ವಿಭಾಗ ಮಟ್ಟದವರೆಗೆ ಹೋಗಿ ಬಂದವಳು. ನೆಗಡಿಗೆ ಮಾತ್ರೆ ನುಂಗಿದವಳಲ್ಲ. ಬಿಸಿಲಲ್ಲಿ ನಿಂತು ಸೀಟಿ ಊದಿದರೆ ಆಚೆ ಬೀದಿಯ ಹುಡುಗಿಯರೂ ನೆಟ್ಟಗೆ ನಿಲ್ಲುತ್ತಾರೆ. ಸವಿತ ಇದಕ್ಕೆ ತದ್ವಿರುದ್ಧ. ಕನಕಪುರದ ಕಡೆ ಕೊಟ್ಟ ಹೆಣ್ಣು. ಬೆಳಿಗ್ಗೆ ಎದ್ದರೆ ಮಂಡಿ ನೋವು, ಊಟವಾದರೆ ಗ್ಯಾಸು, ಸಂಜೆಗೆ ತಲೆನೋವು. ಅವಳು ಬಂದು ಹೋದರೆ ನಮ್ಮನೆ ದಿಂಬುಗಳಲ್ಲಿ ನೋವಿನ ಮುಲಾಮಿನ ವಾಸನೆ ಹೋಗಲು ದಿನಗಟ್ಟಲೆ ಬೇಕಿತ್ತು.

ಅವಳ ಮೇಲಿನ ನನ್ನ ಹೊಟ್ಟೆಕಿಚ್ಚು ಆಸ್ಪತ್ರೆಯಲ್ಲಿ ಹುಟ್ಟಿದ್ದಲ್ಲ. ನಮ್ಮನೆಯವರ ಊರು ವಿರೂಪಾಕ್ಷಿಪುರದ ಹತ್ತಿರದ ಒಂದು ಹಳ್ಳಿ. ತಾಯಿ ಬೇಗ ತೀರಿಕೊಂಡರು. ಅಣ್ಣನೇ ತಂಗಿಗೆ ತಲೆ ಬಾಚಿ, ಜಡೆ ಹಾಕಿ, ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟು ಬರುತ್ತಿದ್ದರಂತೆ. ಈ ಕತೆಯನ್ನು ಸವಿತ ಬಂದಾಗಲೆಲ್ಲ ನನ್ನ ಮುಂದೆ ಹೇಳಲೇಬೇಕು. "ನಮ್ಮಣ್ಣಯ್ಯ ಎಷ್ಟು ಬಿಗಿಯಾಗಿ ಜಡೆ ಹಾಕ್ತಿದ್ದ ಅಂದ್ರೆ ಕಣ್ಣೇ ಮ್ಯಾಕ್ಕೆ ಎಳ್ಕತಿತ್ತು ಅತ್ಗೆ" ಅನ್ನುವಳು. ಮದುವೆಯಾದ ಹೊಸತರಲ್ಲಿ ನಾನೂ ಒಂದು ಸಲ ನಮ್ಮನೆಯವರ ಮುಂದೆ ಬಾಚಣಿಗೆ ಹಿಡಿದು ಕೂತೆ. "ನಿಂಗೇ ಕೈ ಅವಲ್ಲ" ಅಂದು ಪೇಪರ್ ಓದಿದರು. ಗೌರಿ ಹಬ್ಬಕ್ಕೆ ತಂಗಿಗೆ ಬಾಗಿನದ ಜೊತೆ ಕೊಡುವ ಸೀರೆಯನ್ನು ಅಂಗಡಿಗೆ ಹೋಗಿ ಅಂಚು ಸೆರಗು ತಿರುವಿ ತಿರುವಿ ಅವರೇ ಆರಿಸಬೇಕು. ನನಗಾದರೆ "ನಿಂಗಿಷ್ಟ ಬಂದಿದ್ದು ತಗೋ." ಇಂಥವು ಸಣ್ಣ ವಿಷಯ ಅನ್ನುವವರಿಗೆ ನಾದಿನಿ ಇಲ್ಲ ಅಂತಲೇ ಅರ್ಥ.

ಆ ವರ್ಷ ಮಾವಿನ ಕಾಲ ಶುರುವಾಗುವ ಹೊತ್ತಿಗೆ ನಮ್ಮನೆಯವರ ಪಾದ ಊದತೊಡಗಿತು. ಸಂಜೆ ಅಂಗಡಿಯಿಂದ ಬಂದು ಚಪ್ಪಲಿ ಬಿಟ್ಟರೆ ಅದರ ಪಟ್ಟಿಯ ಗುರುತು ಕಾಲ ಮೇಲೆ ಹಳ್ಳ ಬಿದ್ದಂತೆ ಉಳಿಯುತ್ತಿತ್ತು. ಅವರದು ಬಸ್ ಸ್ಟ್ಯಾಂಡಿನ ಹಿಂದೆ ಬೋರ್‌ವೆಲ್ ಮೋಟರು ರಿಪೇರಿ ಅಂಗಡಿ. ಸುಟ್ಟ ಮೋಟರಿನ ಕಾಯಿಲು ಬಿಚ್ಚಿ ಹೊಸ ತಂತಿ ಸುತ್ತಿ ಕೊಡುವ ಕೆಲಸ. ಬಿ.ಪಿ. ಇದೆ ಅಂತ ಹಿಂದೆಯೇ ಹೇಳಿದ್ದರೂ ಮಾತ್ರೆಯನ್ನು ಮನಸ್ಸು ಬಂದಾಗ ನುಂಗುತ್ತಿದ್ದ ಮನುಷ್ಯ. ರಾಮನಗರ ದಾಟಿ ಹೆದ್ದಾರಿ ಪಕ್ಕದಲ್ಲಿರುವ ಆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಾಗ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ ಅಂದರು. ನಾನು ಗರ ಬಡಿದವಳಂತೆ ನಿಂತಿದ್ದರೆ ಇವರು ನನ್ನ ಕಡೆ ತಿರುಗಿ, "ಎಲ್ಡು ಕಾಯಿಲೂ ಸುಟ್ಟೋಗವೆ ಕಣೆ" ಅಂದರು.

ಅಲ್ಲಿಂದ ಡಯಾಲಿಸಿಸ್ ಶುರುವಾಯಿತು. ಸಾಲು ಮಂಚಗಳು, ಪ್ರತಿ ಮಂಚದ ಪಕ್ಕ ಒಂದು ಯಂತ್ರ, ಅದರೊಳಗೆ ಸುತ್ತುತ್ತಿರುವ ರಕ್ತ. ಮಾಗಡಿಯಿಂದ, ಕನಕಪುರದಿಂದ ಬಸ್ಸಲ್ಲಿ ಬಂದು, ಮಲಗಿ, ಎದ್ದು, ಮತ್ತೆ ಬಸ್ಸಲ್ಲಿ ಹೋಗುವ ಜನ. ಯಂತ್ರದಿಂದ ಎದ್ದ ದಿನ ಇವರಿಗೆ ನನ್ನ ಭುಜ ಹಿಡಿದೇ ನಡೆಯಬೇಕಾಗುತ್ತಿತ್ತು. ಕಿಡ್ನಿ ವಿಭಾಗದ ಡಾಕ್ಟರು ನನ್ನನ್ನು ಕೂರಿಸಿಕೊಂಡು, "ಯಂತ್ರದ ಮೇಲೆ ಬಹಳ ಕಾಲ ಇವರನ್ನು ಬಿಡುವುದು ಬೇಡ. ಇವರ ಹೃದಯಕ್ಕೂ ಅದು ಒಳ್ಳೆಯದಲ್ಲ. ಮನೆಯಲ್ಲಿ ಕಿಡ್ನಿ ಕೊಡುವವರು ಇದ್ದಾರಾ?" ಎಂದು ಕೇಳಿದರು.

"ನಾನಿದ್ದೀನಲ್ಲ ಸಾರ್" ಅಂದೆ. ಸ್ಕೂಲಿನಲ್ಲಿ ಹಾಜರಿ ಕೂಗಿದಾಗ ಹುಡುಗಿಯರು ಹೇಳುತ್ತಾರಲ್ಲ, ಅಷ್ಟು ಜೋರಾಗಿ. ನನ್ನ ರಕ್ತದ ಗುಂಪು ಯಾರಿಗೆ ಬೇಕಾದರೂ ಕೊಡಬಹುದಾದ ಗುಂಪು. ವಯಸ್ಸಿದೆ, ಮೈಯಲ್ಲಿ ಕಸುವಿದೆ. ಮಗಳು ಇನ್ನೂ ಸಣ್ಣವಳು, ಹೆಂಡತಿ ನಾನು. ಇನ್ನೇನು ಬೇಕು? ಮನಸ್ಸಿನಲ್ಲಿ ಇನ್ನೊಂದು ಸಂತೋಷವೂ ಇತ್ತು, ಮುಚ್ಚಿಡುವುದಿಲ್ಲ. ಸೈಕಲ್ಲು, ಜಡೆ, ಗೌರಿ ಸೀರೆ ಎಲ್ಲವೂ ಇದರ ಮುಂದೆ ಯಾವ ಲೆಕ್ಕ? ನನ್ನ ಮೈಯ ತುಂಡೇ ಇವರ ಮೈಯಲ್ಲಿ ಇರುವಾಗ ಇನ್ನು ಯಾವ ತಂಗಿ ನನ್ನ ಮುಂದೆ ಕತೆ ಹೇಳುತ್ತಾಳೆ ನೋಡೋಣ ಅಂದುಕೊಂಡೆ.

ಮೃಗಶಿರ ಮಳೆ ಹೊಡೆಯುತ್ತಿದ್ದ ಒಂದು ಬೆಳಿಗ್ಗೆ ಸ್ಕ್ಯಾನಿಂಗ್ ವಿಭಾಗದಲ್ಲಿ ನನ್ನನ್ನು ಮಲಗಿಸಿದರು. ಹೊಟ್ಟೆಗೆ ತಣ್ಣನೆ ಜೆಲ್ಲು ಹಚ್ಚಿ, ಒಬ್ಬಳು ಡಾಕ್ಟರಮ್ಮ ಆ ಪುಟ್ಟ ಯಂತ್ರವನ್ನು ಬಲಕ್ಕೆ ಒತ್ತಿದಳು, ಎಡಕ್ಕೆ ಒತ್ತಿದಳು. ಮಗ್ಗುಲಿಗೆ ತಿರುಗಿ ಅಂದಳು. ಉಸಿರು ಹಿಡಿಯಿರಿ ಅಂದಳು. ಉಸಿರು ಹಿಡಿಯುವುದು ನನಗೆ ಹೇಳಿಕೊಡಬೇಕೆ? ಅವಳೇ ಸುಸ್ತಾಗುವಷ್ಟು ಹೊತ್ತು ಹಿಡಿದೆ. ಆಮೇಲೆ ಅವಳು ಹೊರಗೆ ಹೋಗಿ ಹಿರಿಯ ಡಾಕ್ಟರನ್ನು ಕರೆದುಕೊಂಡು ಬಂದಳು.

"ಮೇಡಂ, ನಿಮಗೆ ಹಿಂದೆ ಯಾವುದಾದರೂ ಆಪರೇಷನ್ ಆಗಿದೆಯಾ?" ಎಂದು ಅವರು ಕೇಳಿದರು.

"ಒಂದು ಹೆರಿಗೆ ಬಿಟ್ಟರೆ ನಾನು ಆಸ್ಪತ್ರೆಯಲ್ಲಿ ಮಲಗಿದ್ದೇ ಇಲ್ಲ" ಅಂದೆ.

"ನಿಮಗೆ ಎಡಗಡೆ ಕಿಡ್ನಿ ಇಲ್ಲ. ಹುಟ್ಟಿನಿಂದಲೇ ಒಂದೇ ಇರುವ ಹಾಗಿದೆ."

"ಸರಿಯಾಗಿ ನೋಡಿ ಸಾರ್" ಅಂದೆ. ಬೀರುವಿನಲ್ಲಿಟ್ಟ ಒಡವೆ ಕಾಣದಿದ್ದರೆ ಹೇಗೆ ಹೇಳುತ್ತೇವೋ ಹಾಗೆ.

ಅವರು ಸರಿಯಾಗಿಯೇ ನೋಡಿದರು. ಸಿ.ಟಿ. ಮಾಡಿಯೂ ನೋಡಿದರು. ಇರಲಿಲ್ಲ. ನನ್ನ ಬಸಿರಿನ ಕಾಲದಲ್ಲಿ ಸ್ಕ್ಯಾನು ಮಾಡಿದವರು ಮಗುವನ್ನು ನೋಡಿದ್ದರೇ ಹೊರತು ನನ್ನನ್ನಲ್ಲ. ಕಿಡ್ನಿ ಡಾಕ್ಟರು ಬಹಳ ಸಮಾಧಾನ ಹೇಳಿದರು. ಇಂಥವರು ಎಷ್ಟೋ ಜನ ಇದ್ದಾರೆ, ಗೊತ್ತೇ ಆಗದೆ ನೂರು ವರ್ಷ ಬದುಕುತ್ತಾರೆ, ಇರುವ ಒಂದು ನಿಮಗೆ ಎರಡರ ಕೆಲಸ ಮಾಡುತ್ತಿದೆ, ಬಿ.ಪಿ. ನೋಡಿಸಿಕೊಳ್ಳುತ್ತಿರಿ ಸಾಕು, ಕೊಡುವ ಮಾತು ಮಾತ್ರ ಬೇಡ ಅಂದರು. ನಾನು ಹೊರಗೆ ಬಂದು ಗೋಡೆಗೆ ಒರಗಿ ನಿಂತೆ. ಜನ್ಮದಲ್ಲಿ ಮೊದಲ ಸಲ ನನ್ನ ಮೈ ನನಗೆ ಕೈಕೊಟ್ಟಿತ್ತು, ಅದೂ ಬೇಕಾದ ಹೊತ್ತಿನಲ್ಲಿ.

ಸುದ್ದಿ ಕನಕಪುರಕ್ಕೆ ಹೋದ ಮಾರನೆಯ ದಿನವೇ ಸವಿತ ಬಂದಳು. ಮಳೆಯಲ್ಲಿ ನೆನೆದುಕೊಂಡು, ಒಂದು ಕೈಯಲ್ಲಿ ಬಟ್ಟೆ ಚೀಲ, ಇನ್ನೊಂದರಲ್ಲಿ ಅಣ್ಣನಿಗೆ ಅಂತ ಕೋಡುಬಳೆ. ಕೋಡುಬಳೆಯ ಉಪ್ಪು ಅಣ್ಣನಿಗೆ ಆಗುವುದಿಲ್ಲ ಅಂತ ನಾನು ಕಿತ್ತಿಟ್ಟೆ. ಅವಳು ಸೆರಗಿನಲ್ಲಿ ತಲೆ ಒರೆಸಿಕೊಳ್ಳುತ್ತ, "ನಂದು ನೋಡ್ಲಿ ಬುಡು ಅತ್ಗೆ. ನಂಗಾದ್ರೂ ಎಲ್ಡು ಮಡಗವ್ನೋ ಇಲ್ವೋ ದ್ಯಾವ್ರು" ಅಂದಳು. ಅವಳು ತಮಾಷೆಗೆ ಅಂದದ್ದು. ನನಗೆ ಮಾತ್ರ ಮೂಳೆಗೆ ನಾಟಿತು.

ಅವಳಿಗೆ ಎರಡೂ ಇದ್ದವು. ಡಾಕ್ಟರಮ್ಮ ಪರದೆ ತೋರಿಸಿ, "ಎರಡೂ ಬಹಳ ಚೆನ್ನಾಗಿವೆ" ಅಂದಳಂತೆ. ಚೆನ್ನಾಗಿರುವುದನ್ನು ಬಹಳ ಚೆನ್ನಾಗಿವೆ ಅನ್ನುವ ಅಗತ್ಯ ಏನಿತ್ತು?

ಕಿಡ್ನಿ ಕೊಡುವವರನ್ನು ಸುಮ್ಮನೆ ಮಂಚ ಹತ್ತಿಸುವುದಿಲ್ಲ. ಕೊಟ್ಟ ಮೇಲೆ ಅವರಿಗೆ ಏನೂ ಆಗಬಾರದು. ಅದಕ್ಕೇ ಆಸ್ಪತ್ರೆಯ ಒಂದೊಂದು ವಿಭಾಗದವರೂ ಅವರನ್ನು ಪರೀಕ್ಷೆ ಮಾಡಿ ಸರಿಯಿದ್ದಾರೆ ಅಂತ ಬರೆದುಕೊಡಬೇಕು. ಒಬ್ಬರು ಬೇಡ ಅಂದರೂ ಮುಗಿಯಿತು. ಇದನ್ನೆಲ್ಲ ಮಾಡಿಸಲೆಂದೇ ಒಬ್ಬಳು ಕೋಆರ್ಡಿನೇಟರ್ ಹುಡುಗಿ ಇದ್ದಳು. ಅವಳು ಮುಂದೆ, ಸವಿತ ನಡುವೆ, ಸಾಮಾನು ಹಿಡಿದ ನಾನು ಹಿಂದೆ. ಹೀಗೆ ನಾವು ಆಷಾಢ ಪೂರ್ತಿ ಆ ಕಟ್ಟಡದಲ್ಲಿ ಮೆರವಣಿಗೆ ಹೊರಟೆವು. ಅಷ್ಟೊಂದು ವಿಭಾಗಗಳು ಇರುತ್ತವೆ ಅಂತ ನನಗೆ ಗೊತ್ತಾದದ್ದೇ ಆಗ. ಮನುಷ್ಯನನ್ನು ಅವರು ಪಾಲು ಹಂಚಿಕೊಂಡಿದ್ದರು. ಹಲ್ಲು ಒಬ್ಬರಿಗೆ, ಗಂಟಲು ಒಬ್ಬರಿಗೆ, ಎದೆಯ ಗೂಡಿನಲ್ಲೇ ಹೃದಯ ಒಬ್ಬರಿಗೆ ಶ್ವಾಸಕೋಶ ಇನ್ನೊಬ್ಬರಿಗೆ.

ಹಲ್ಲಿನ ವಿಭಾಗದಲ್ಲಿ ನನಗೆ ಸ್ವಲ್ಪ ಆಸೆಯಿತ್ತು. ಸವಿತ ಊಟವಾದ ಮೇಲೆ ಎಲೆ ಅಡಿಕೆ ಹಾಕುವವಳು. ಹುಳುಕು ಹಲ್ಲಿದ್ದರೆ ಅದರ ನಂಜು ಮೈಗೆ ಹರಡುತ್ತದೆ, ಮೊದಲು ಅದನ್ನು ಸರಿಮಾಡಿಸಬೇಕು ಅಂತ ಕೋಆರ್ಡಿನೇಟರ್ ಹುಡುಗಿ ಹೇಳಿದ್ದಳು. ಇವಳು ಬಾಯಿ ತೆರೆದು ಮಲಗಿದಳು, ಹಲ್ಲು ಉಜ್ಜಿಸಿಕೊಂಡು ಬೆಳ್ಳಗೆ ನಗುತ್ತ ಎದ್ದು ಬಂದಳು. ಒಂದೂ ಹುಳುಕಿರಲಿಲ್ಲ. "ಬಿಟ್ಟಿಯಾಗಿ ಹಲ್ಲು ಫಳಫಳ ಅನ್ಸ್‌ಬುಟ್ರು" ಅಂದಳು.

ಶ್ವಾಸಕೋಶದವರು ಒಂದು ಕೊಳವೆ ಕೊಟ್ಟು ಜೋರಾಗಿ ಊದಿ ಅಂದರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ನನ್ನ ಕೆನ್ನೆ ತಾನಾಗಿಯೇ ಉಬ್ಬಿಕೊಂಡಿತು. ಊದುವುದೇ ನನ್ನ ವೃತ್ತಿ! ಇವಳು ಒಂದು ಸಲ ನನ್ನ ಕಡೆ ನೋಡಿ, ಉಸಿರೆಳೆದು, ಊದಿದಳು. ಅಲ್ಲಿದ್ದ ಹುಡುಗ "ಸೂಪರ್ ಅಮ್ಮ" ಅಂದ. ಹೊರಗೆ ಬಂದು, "ಹಸಿ ಸೌದೆ ಒಲೆ ಊದ್ದಂಗೆ ಊದ್ಬುಟ್ಟೆ ಕಣತ್ಗೆ" ಅಂದಳು.

ಹೃದಯ ವಿಭಾಗದ್ದು ಮಾತ್ರ ನಾನು ಇವತ್ತಿಗೂ ಮರೆಯಲಾರೆ. ಅಲ್ಲಿ ಓಡುವ ಪಟ್ಟಿಯ ಮೇಲೆ ನಡೆಸುತ್ತಾರೆ. ಸೀರೆಯಲ್ಲಿ ಆಗುವುದಿಲ್ಲ ಅಂತ ಅವಳಿಗೆ ಆಸ್ಪತ್ರೆಯ ಪ್ಯಾಂಟು ಕೊಟ್ಟರು. ಎದೆಗೆಲ್ಲ ತಂತಿ ಅಂಟಿಸಿದರು. ಪಟ್ಟಿ ಮೊದಲು ಮೆಲ್ಲಗೆ, ಆಮೇಲೆ ಬೇಗ, ಆಮೇಲೆ ಏರು ಹತ್ತುವಂತೆ. ಕೆಂಗಲ್ಲಿನ ಆಂಜನೇಯನ ಗುಡಿಯಲ್ಲಿ ಒಂದು ಪ್ರದಕ್ಷಿಣೆ ಹಾಕಿ ಕಂಬಕ್ಕೆ ಒರಗಿ ಕೂರುವ ಹೆಂಗಸು ಅವತ್ತು ನಿಲ್ಲಲಿಲ್ಲ. ಬೆವರು ಸುರಿಯುತ್ತಿತ್ತು, ಹಲ್ಲು ಕಚ್ಚಿದ್ದಳು, ನಡೆಯುತ್ತಲೇ ಇದ್ದಳು. ಡಾಕ್ಟರು ಸಾಕು ಅಂದರೂ "ಇನ್ನೊಸಿ ಆಯ್ತದೆ ಸಾರ್" ಅಂದಳು. ನಾನು ಗಾಜಿನಾಚೆ ನಿಂತಿದ್ದೆ. ಮೂವತ್ತು ಹುಡುಗಿಯರನ್ನು ಓಡಿಸಿ ಗೆಲ್ಲಿಸಿದ ಕಾಲಿಗೆ ನಿಲ್ಲುವ ಕೆಲಸ, ಮಂಡಿ ನೋವಿನವಳಿಗೆ ಓಡುವ ಕೆಲಸ. ಅವಳು ಬೀಳಲಿ ಅಂತ ನಾನು ಬಯಸಲಿಲ್ಲ, ಆದರೆ ಒಂದು ಗಳಿಗೆ ನಿಂತು ಏದುಸಿರು ಬಿಡಲಿ ಅಂತ ಬಯಸಿದೆ. ಬಿಡಲಿಲ್ಲ.

ಸ್ತ್ರೀರೋಗದವರು ಸರಿ ಅಂದರು. ಸಕ್ಕರೆ ಕಾಯಿಲೆಯವರು ಸರಿ ಅಂದರು. ಕ್ಯಾನ್ಸರಿನ ವಿಭಾಗದಲ್ಲಿ ಎದೆಯ ಫೋಟೊ ತೆಗೆದು ಸರಿ ಅಂದರು. ರಕ್ತನಿಧಿಯ ಪಕ್ಕದ ಲ್ಯಾಬಿನಲ್ಲಿ ಅಣ್ಣ ತಂಗಿಯರ ರಕ್ತವನ್ನು ಒಟ್ಟಿಗೆ ಬೆರೆಸಿ, ಒಂದಕ್ಕೊಂದು ಜಗಳವಾಡುತ್ತವೆಯೇ ಅಂತ ನೋಡುತ್ತಾರಂತೆ. ಜಗಳವಾಡಲಿಲ್ಲ. ನಮ್ಮಿಬ್ಬರದು ಇಷ್ಟು ವರ್ಷದ ಸಂಸಾರ, ನಮ್ಮ ರಕ್ತವನ್ನು ಯಾರೂ ಒಂದು ಟ್ಯೂಬಿಗೆ ಹಾಕಿ ನೋಡಲೇ ಇಲ್ಲ. ಆ ದಿನ ಇವರಿಗೆ ಡಯಾಲಿಸಿಸ್ ಮುಗಿಸಿ ಮನೆಗೆ ಕರೆದುಕೊಂಡು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಸವಿತಳ ಹೆಗಲ ಮೇಲೆ ಇವರು ನಿದ್ದೆ ಹೋಗಿದ್ದರು. ನಾನು ಡ್ರೈವರ್ ಪಕ್ಕ ಕೂತು ರಾಮನಗರದ ಬಂಡೆಗಳ ಮೇಲೆ ಇಳಿಯುತ್ತಿದ್ದ ಮಳೆ ನೋಡುತ್ತ ಬಂದೆ.

ಮನೋರೋಗ ವಿಭಾಗಕ್ಕೆ ಅವಳೊಬ್ಬಳನ್ನೇ ಕರೆದು ಬಾಗಿಲು ಹಾಕಿಕೊಂಡರು. ಯಾರಾದರೂ ಬಲವಂತ ಮಾಡಿ ಕೊಡಿಸುತ್ತಿದ್ದಾರಾ ಅಂತ ತಿಳಿಯಲು ಹಾಗೆ ಮಾಡುತ್ತಾರೆ. ಬಹಳ ಹೊತ್ತಾಯಿತು. ಹೊರಗೆ ಬಂದವಳು ನಗುತ್ತಿದ್ದಳು.

"ಏನು ಕೇಳಿದರು?" ಅಂದೆ.

"ಬಲವಂತ ಐತಾ ಅಂದ್ರು. ಐತೆ ಸಾರ್, ಕೊಡಬ್ಯಾಡ ಅಂತ ನಮ್ಮತ್ಗೆ ಮಕದಲ್ಲೇ ಬಲವಂತ ಮಾಡ್ತಾವ್ಳೆ ಅಂದೆ."

ನನಗೆ ನಗು ಬರಲಿಲ್ಲ. ಇವಳಿಗೆ ಎಲ್ಲ ಗೊತ್ತಿದೆ ಅಂತ ಅವತ್ತು ಗೊತ್ತಾಯಿತು.

ಎಲ್ಲ ವಿಭಾಗಗಳಲ್ಲೂ ಪಾಸಾದ ಮೇಲೆ ಉಳಿದದ್ದು ಒಂದೇ. ಮದುವೆಯಾದ ಹೆಣ್ಣು ಕೊಡುವಾಗ ಅವಳ ಗಂಡನನ್ನೂ ಕರೆಸಿ ಕೂರಿಸಿ ಮಾತಾಡಿಸುತ್ತಾರೆ. ಸವಿತಳ ಗಂಡ ಜಯರಾಮಣ್ಣ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಸವಿತ ಊರಿಗೆ ಹೋಗಿ ಎರಡು ದಿನ ಅತ್ತು ಕರೆದು ಬಂದಳು, ಆಗಲೂ ಅವರು ಬಗ್ಗಲಿಲ್ಲ. ಇತ್ತ ನಮ್ಮನೆಯವರು ಯಂತ್ರದ ಮೇಲಿದ್ದಾಗಲೇ ಒಂದು ದಿನ ಪ್ರಜ್ಞೆ ತಪ್ಪಿದರು. ಇನ್ನು ತಡ ಮಾಡಬೇಡಿ ಅಂತ ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟರು.

ನಾನೇ ಕನಕಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೊಲದಲ್ಲಿ ರಾಗಿ ಪೈರು ಗೇಣುದ್ದ ಎದ್ದಿತ್ತು, ಸೋನೆ ಹಿಡಿದಿತ್ತು. ಬಸ್ಸಿನಲ್ಲಿ ಕೂತು ನನ್ನ ಗತಿಗೆ ನನಗೇ ಸಿಟ್ಟು ಬಂತು. ಈ ಕೆಲಸದಲ್ಲಿ ನಾನು ಗೆದ್ದರೆ ಗೆಲ್ಲುವವಳು ಅವಳು. ಸೋತರೆ ಸೋಲುವವರು ಇವರು.

ಜಯರಾಮಣ್ಣ ರೇಷ್ಮೆ ಹುಳು ಸಾಕುವವರು. ನಾನು ಹೋದಾಗ ಹುಳುಮನೆಯಲ್ಲಿ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದರು. ಕೈಕಾಲು ತೊಳೆಯದೆ ಯಾರನ್ನೂ ಒಳಗೆ ಬಿಡುವುದಿಲ್ಲ. ತೊಳೆದು ಒಳಗೆ ಹೋಗಿ ನಿಂತೆ. ಹುಳುಗಳು ಸೊಪ್ಪು ತಿನ್ನುವ ಸದ್ದು, ಹೊರಗಿನ ಸೋನೆಯ ಸದ್ದು ಎರಡೂ ಒಂದೇ ಥರ ಕೇಳುತ್ತಿತ್ತು.

"ಬನ್ನಿ ತಂಗ್ಯಮ್ಮ" ಅಂದರು, ಕೈ ನಿಲ್ಲಿಸದೆ. "ಯಾಕ್ ಬಂದ್ರಿ ಅಂತ ಗೊತ್ತು. ಭಾವನ ಮ್ಯಾಲೆ ನಂಗೇನೂ ಇಲ್ಲ. ಆದ್ರೆ ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರಲ್ವಾ? ಹೊರಗೆ ಕಳ್ಸಿದ್ದ ಹೆಣ್ಣು ಕಿಡ್ನಿ ಬೇಕಾದಾಗ ಒಳಗಾಗ್ಬುಟ್ಳಾ?"

ನ್ಯಾಯವಾದ ಮಾತೇ.

"ಅವ್ಳು ದಿನಾ ಮಂಡಿ, ಸೊಂಟ ಅಂತ ನರಳೋ ಹೆಂಗ್ಸು" ಅಂತ ಮುಂದುವರಿಸಿದರು. "ಒಂದು ತಗ್ದ್‌ಬುಟ್ಟು ನಾಳೆ ಇವ್ಳು ಮೂಲೆ ಹಿಡುದ್ರೆ ನಾನೇನ್ ಮಾಡ್ಲಿ? ಒಂದ್ರಲ್ಲಿ ಬದುಕ್ಬೋದು ಅಂತ ಡಾಕ್ಟ್ರು ಹೇಳ್ತಾರೆ. ಬದುಕಿರೋರ್‌ನ ಯಾರು ಕಂಡವ್ರೆ?"

"ನೀವು ಕಂಡಿದ್ದೀರ" ಅಂದೆ. "ಇಲ್ಲೇ ನಿಂತಿದ್ದೀನಲ್ಲ ಅಣ್ಣ. ಹುಟ್ದಾಗಿಂದ ನಂಗೆ ಒಂದೇ. ಈ ಒಂದ್ರಲ್ಲೇ ಓಡಿದೀನಿ, ಮಗಳನ್ನ ಹೆತ್ತಿದೀನಿ, ಬಿಸಿಲು ಮಳೆ ಅನ್ನದೆ ಫೀಲ್ಡಲ್ಲಿ ನಿಂತಿದೀನಿ. ನೋಡ್ಕಳಿ ನನ್ನ. ನಂಗೆ ಎರಡಿದ್ದಿದ್ರೆ ಯಾರ ಮನೆ ಬಾಗಿಲಿಗೂ ಬತ್ತಿರಲಿಲ್ಲ."

ಜಯರಾಮಣ್ಣ ಸೊಪ್ಪು ಹಾಕುವುದು ನಿಲ್ಲಿಸಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ದನದ ಜಾತ್ರೆಯಲ್ಲಿ ಎತ್ತು ನೋಡುವಂತೆ ನೋಡಿದರು ಅಂದರೂ ತಪ್ಪಿಲ್ಲ. ನಾನು ಎದೆ ಸೆಟೆಸಿ ನಿಂತೇ ಇದ್ದೆ. ಅವಳ ಮಂಡಿ ನೋವು ನಾಟಕ, ಓಡುವ ಪಟ್ಟಿಯ ಮೇಲೆ ಡಾಕ್ಟರನ್ನೇ ಸುಸ್ತು ಮಾಡಿದಳು, ಅವಳಂಥ ಗಟ್ಟಿ ಹೆಂಗಸನ್ನು ನಾನು ಕಂಡಿಲ್ಲ ಅಂತ ನನ್ನ ಬಾಯಿಂದಲೇ ಹೇಳಿದೆ. ನನ್ನ ನಾದಿನಿಯನ್ನು ನಾನು ಹೊಗಳಿದ್ದು ಅದೇ ಮೊದಲು. ನನಗಿಲ್ಲದ್ದನ್ನು ತೋರಿಸಿ ಅವಳಿಗಿದ್ದದ್ದನ್ನು ಕೇಳಿದ್ದೆ.

"ಮಳೆ ಒಸಿ ನಿಂತ್ಕಳ್ಳಿ, ಸೋಮಾರ ಬತ್ತೀನಿ" ಅಂದರು ಕೊನೆಗೆ. ಮಳೆ ನಿಲ್ಲಲಿಲ್ಲ. ಸೋಮವಾರ ನೆನೆದುಕೊಂಡೇ ಬಂದರು.

ಶ್ರಾವಣದಲ್ಲಿ ಆಪರೇಷನ್ ಆಯಿತು. ಹಳೆಯ ಎರಡನ್ನು ತೆಗೆಯುವುದಿಲ್ಲವಂತೆ, ಹೊಸದನ್ನು ಕಿಬ್ಬೊಟ್ಟೆಯ ಹತ್ತಿರ ಕೂರಿಸುತ್ತಾರಂತೆ. ಹಾಗಾಗಿ ನಮ್ಮನೆಯವರಿಗೆ ಈಗ ಮೂರು. ಹೊಸ ಕಿಡ್ನಿ ಕೂರಿಸುತ್ತಿದ್ದ ಹಾಗೆಯೇ ಕೆಲಸ ಶುರುಮಾಡಿತು ಅಂತ ಡಾಕ್ಟರು ಬಂದು ಹೇಳಿದಾಗ ನಾನು ಜಯರಾಮಣ್ಣನ ಎದುರಿಗೇ ಅತ್ತುಬಿಟ್ಟೆ.

ಇವರನ್ನು ಹೊರಗಿನವರು ಯಾರೂ ಹೋಗುವಂತಿಲ್ಲದ ಕೋಣೆಯಲ್ಲಿಟ್ಟರು. ನಂಜು ತಗುಲಬಾರದು ಅಂತ ಗಾಳಿಯನ್ನೂ ಸೋಸಿ ಬಿಡುತ್ತಿದ್ದರು. ಅಲ್ಲಿ ನರ್ಸುಗಳದೇ ರಾಜ್ಯ. ನನಗೆ ಸಿಕ್ಕಿದ್ದು ಮೇಲಿನ ಮಹಡಿಯಲ್ಲಿ ಮಲಗಿದ್ದ ಸವಿತಳ ಚಾಕರಿ. ಜಯರಾಮಣ್ಣ ಹುಳು ಬಿಟ್ಟು ಇರುವಂತಿಲ್ಲ, ಊರಿಗೆ ಹೋದರು. ಹಾಸಿಗೆಯಿಂದ ಎಬ್ಬಿಸುವುದು, ಬಾತ್‌ರೂಮಿಗೆ ನಡೆಸುವುದು, ಮೈ ಒರೆಸುವುದು, ಗಂಜಿ ಕುಡಿಸುವುದು ಎಲ್ಲವೂ ನಾನೇ. ಕೆಮ್ಮು ಬಂದರೆ ಹೊಲಿಗೆ ಎಳೆಯುತ್ತದೆ ಅಂತ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಬೇಕು. ಮಂಡಿ ನೋವಿಗೆ ಊರೆಲ್ಲ ಕೇಳುವಂತೆ ನರಳುತ್ತಿದ್ದವಳು ಈಗ ನಿಜವಾದ ನೋವಿಗೆ ಒಂದು ಸದ್ದು ಮಾಡಲಿಲ್ಲ. ನರ್ಸು, ಡಾಕ್ಟರು, ಕಸ ಗುಡಿಸುವವರು, ಯಾರು ಬಂದರೂ "ಅಣ್ಣಂಗೆ ಕಿಡ್ನಿ ಕೊಟ್ಟವರು ಇವರೇ ಅಲ್ವಾ" ಅಂತ ಮಂಚದ ಹತ್ತಿರ ನಿಂತು ಹೋಗುವರು. ನಾನು ಯಾರು ಅಂತ ಯಾರೂ ಕೇಳಲಿಲ್ಲ. ಒಬ್ಬಳು ನರ್ಸು ನನ್ನನ್ನು ಮನೆಗೆಲಸದವಳು ಅಂದುಕೊಂಡು, "ಅಮ್ಮನಿಗೆ ಬಿಸಿನೀರು ತಂದುಕೊಡು" ಅಂದಳು. ತಂದುಕೊಟ್ಟೆ.

ಸವಿತಳನ್ನು ಮನೆಗೆ ಕಳಿಸುವ ದಿನ, ಹೋಗುವ ಮುಂಚೆ ಅಣ್ಣನನ್ನು ಗಾಜಿನ ಹೊರಗಿಂದ ನೋಡಿ ಬರಲಿ ಅಂತ ಕೋಆರ್ಡಿನೇಟರ್ ಹುಡುಗಿ ಗಾಲಿ ಕುರ್ಚಿ ತಂದಳು. ನಾನೇ ತಳ್ಳಿಕೊಂಡು ಹೋದೆ. ಒಳಗಿನಿಂದ ಇವರು ಮಾಸ್ಕು ಹಾಕಿಕೊಂಡು, ನರ್ಸಿನ ಕೈ ಹಿಡಿದು ಗಾಜಿನ ಹತ್ತಿರ ಬಂದರು. ಮುಖದ ಊತ ಇಳಿದಿತ್ತು. ಕಣ್ಣಲ್ಲಿ ಹಳೆಯ ಮನುಷ್ಯ ಕಂಡ. ನನ್ನ ಫೋನಿಗೆ ಕರೆ ಮಾಡಿದರು, ನಾನು ಇಬ್ಬರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ.

ಮೊದಲು ತಂಗಿಯ ಕಡೆ ನೋಡಿದರು. ಫೋನನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈ ಎತ್ತಿ, ತಲೆ ಬಾಗಿಸಿ ಅವಳಿಗೆ ಕೈ ಮುಗಿದರು. ದೇವರ ಮುಂದೆ ನಿಂತಹಾಗೆ ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ಫೋನು ಕಿವಿಗಿಟ್ಟುಕೊಂಡು ನನ್ನ ಕಡೆ ತಿರುಗಿದರು.

"ಏನೇ ಇದು ಅವತಾರ? ಕನ್ನಡಿ ನೋಡ್ಕಂಡಿದ್ದೀಯಾ? ಗಾಳಿ ಬಂದ್ರೆ ಹಾರೋಯ್ತೀಯ. ಉಣ್ಣಕ್ಕೇನ್ ಬಂದದೆ ರೋಗ? ಇರೋದೊಂದ್ ಕಿಡ್ನಿ, ಅದ್ನೂ ಒಣಗಿಸ್ಕಂಡು ಕೂತ್ಕ!" ಅಂತ ಬಾಯಿಗೆ ಬಂದಂತೆ ಬೈದರು. ನರ್ಸು ಸಾಕು ಅಂತ ಅವರನ್ನು ಹಾಸಿಗೆಯ ಕಡೆ ಕರೆದುಕೊಂಡು ಹೋದಳು.

ಇಡೀ ಮಳೆಗಾಲದಲ್ಲಿ ನನಗೆ ಸಿಕ್ಕ ಮೊದಲ ಸುಖ ಅದು. ಬೈಗುಳವನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಕುರ್ಚಿ ತಿರುಗಿಸಿದೆ. ಆಗ ನೋಡಿದರೆ ಸವಿತ ಅಳುತ್ತಿದ್ದಳು. ಹೊಲಿಗೆ ನೋವೇನೋ ಅಂತ ದಿಂಬು ಕೊಡಲು ಹೋದೆ. ತಳ್ಳಿದಳು.

"ನಂಗ್ಯಾಕ್ ಕೈ ಮುಗ್ದ ಅತ್ಗೆ?" ಅಂದಳು. "ನಾನೇನ್ ಊರ್‌ನೋರ? ನಿನ್ನ ಬೈದ. ಎಷ್ಟ್ ಚೆಂದಾಗ್ ಬೈದ! ನಂಗೊಂದ್ ಮಾತು ಬೈಬಾರ್ದಿತ್ತಾ? ನಿಂದು ಆಗಾಕಿಲ್ಲ ಅಂದಾಗ ನಂಗೆ ಒಳಗೊಳಗೇ ಖುಸಿ ಆಗಿತ್ತು, ಗೊತ್ತಾ? ನೀನ್ ಬಂದ್ಮ್ಯಾಲೆ ಅವ್ನು ನಂಗೆ ವರ್ಸಕ್ಕೊಂದು ಸೀರೆ ಕೊಡೋ ಅಣ್ಣ ಆಗ್ಬುಟ್ಟ. ಇದೊಂದ್ ಕೊಟ್ರೆ ಮತ್ತೆ ನನ್ನೋನಾಯ್ತಾನೆ ಅಂದ್ಕಂಡೆ. ಕೊಟ್ಟೆ. ಈಗ ನೋಡು, ದ್ಯಾವ್ರು ಮಾಡಿ ಮೂಲೇಲಿ ಕೂರಿಸ್ಬುಟ್ಟ."

ನಾನು ಅವಳ ಸೀರೆಯ ಅಂಚು ನೋಡಿ ಉರಿದುಕೊಂಡಿದ್ದ ವರ್ಷಗಳಲ್ಲಿ ಅವಳು ನಮ್ಮನೆಯ ದಿನದಿನದ ಜಗಳ ನೋಡಿ ಉರಿದುಕೊಂಡಿದ್ದಳು. ನನ್ನಂಥ ಹೊಟ್ಟೆಕಿಚ್ಚಿನವಳು ಇನ್ನೊಬ್ಬಳಿಲ್ಲ ಅಂದುಕೊಂಡಿದ್ದೆ. ಇದ್ದಳು, ನಾನು ತಳ್ಳುತ್ತಿದ್ದ ಕುರ್ಚಿಯಲ್ಲೇ ಕೂತಿದ್ದಳು.

ಕುರ್ಚಿಯನ್ನು ಮತ್ತೆ ಗಾಜಿನ ಕಡೆ ತಿರುಗಿಸಿ ಇವರಿಗೆ ಫೋನು ಮಾಡಿದೆ.

"ಏನಾಯ್ತೆ?" ಅಂದರು, ಮಲಗಿದ್ದಲ್ಲಿಂದಲೇ.

"ರೀ, ಸವಿತನ್ನ ಬಯ್ರಿ."

"ಯಾಕೆ? ಏನ್ ಮಾಡಿದ್ಲು?"

"ಏನೂ ಮಾಡಿಲ್ಲ. ಸುಮ್ನೆ ಬಯ್ರಿ."

ಇವರು ನಿಧಾನವಾಗಿ ಎದ್ದು ಕೂತು ಗಾಜಿನಾಚೆ ತಂಗಿಯ ಅಳುಮುಖ ನೋಡಿದರು. ಏನು ಅರ್ಥವಾಯಿತೋ, ಗಂಟಲು ಸರಿಮಾಡಿಕೊಂಡರು.

"ಲೇ ಗೂಬೆ, ಮೂಗ್ ಒರೆಸ್ಕಳೆ ಮೊದ್ಲು. ಚಿಕ್ಕೋಳಾಗಿದ್ದಾಗ್ಲೂ ಇದೇ ಗೋಳು, ಸೈಕಲ್ ಮ್ಯಾಲೆ ಕುಂತ್ಕಂಡು ನನ್ನ ಸರ್ಟಿಗೇ ಸುಂಬ್ಳ ಒರಸ್ತಿದ್ದೆ. ತಲೆ ಯಾರೇ ಬಾಚಿದ್ದು, ಕಾಗೆ ಗೂಡು ಇದ್ದಂಗೈತೆ? ಅತ್ತು ಅತ್ತು ಹೊಲಿಗೆ ಬಿಚ್ಕಂಡ್ರೆ ನಾನ್ ಬಂದು ತಂತಿ ಸುತ್ತೀನಾ? ಕತ್ತೆ ತಂದು, ಕೋತಿ ತಂದು..."

ಸವಿತ ಎರಡೂ ಕೈಯಲ್ಲಿ ಹೊಟ್ಟೆ ಅವುಚಿ ಹಿಡಿದು ನಗುತ್ತಿದ್ದಳು, ನೋವಿಗೆ "ಅಯ್ಯೋ" ಅನ್ನುತ್ತ ಮತ್ತೆ ನಗುತ್ತಿದ್ದಳು. ಇವರು ನಿಲ್ಲಿಸಲಿಲ್ಲ. ನನಗೆ ಗೊತ್ತಿಲ್ಲದ ಬೈಗುಳಗಳು, ನಾನು ಕಾಣದ ಹಳ್ಳಿಯವು, ನಾನು ಬರುವುದಕ್ಕೆ ಮುಂಚಿನವು ಒಂದರ ಹಿಂದೆ ಒಂದು ಬರುತ್ತಿದ್ದವು. ಇಷ್ಟು ವರ್ಷದಲ್ಲಿ ನನಗೆ ಅಷ್ಟು ರುಚಿಯಾಗಿ ಒಂದು ದಿನವೂ ಬೈದಿರಲಿಲ್ಲ ಆ ಮನುಷ್ಯ.

"ಸಾಕು ಬಿಡ್ರೀ!" ಎಂದು ಫೋನು ಕಟ್ ಮಾಡಿದೆ.